ಅತ್ತೆಯ ಹಣೆಯ ಕೆಮ್ಮಣ್ಣು

ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ಕಲ್ಲಿನ ಬಟ್ಟಲಿದೆ. ಒಳಗೆಲ್ಲ ಕೆಂಪು. ಎಷ್ಟು ಉಜ್ಜಿದರೂ ಆ ಕೆಂಪು ಹೋಗುವುದಿಲ್ಲ, ನಾನು ಉಜ್ಜುವುದನ್ನು ಬಿಟ್ಟೂ ಬಹಳ ವರ್ಷವಾಯಿತು. ಮನೆಗೆ ಬಂದವರು ಇದೇನು, ಉಪ್ಪಿನಕಾಯಿ ಬಟ್ಟಲಾ ಅಂತ ಕೇಳುತ್ತಾರೆ. ಹೂಂ ಅನ್ನುತ್ತೇನೆ. ಕೇಳಿದವರಿಗೆಲ್ಲ ಕಥೆ ಹೇಳುತ್ತಾ ಕೂರಲು ನನಗೇನು ಬೇರೆ ಕೆಲಸವಿಲ್ಲವೇ? ಇವತ್ತು ಯಾಕೋ ಬರೆಯಬೇಕು ಅನ್ನಿಸಿದೆ, ಬರೆಯುತ್ತೇನೆ.

ಅದು ನಮ್ಮ ಅತ್ತೆ ಕೆಮ್ಮಣ್ಣು ತೇಯುತ್ತಿದ್ದ ಬಟ್ಟಲು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಗಂಡನ ಊರು. ತೊಂಬತ್ತರ ದಶಕದ ಮೊದಲಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಬಂದ ಮಾರನೆಯ ಬೆಳಿಗ್ಗೆಯೇ ಜಗಲಿಯ ಮೇಲೆ ಗುರುತಿಲ್ಲದ ಗಂಡಸೊಬ್ಬ ಅಂಗಿ ಬಿಚ್ಚಿ ಕೂತಿದ್ದ. ಅವನ ಪಕ್ಕೆಯ ಮೇಲೆ ಪಟ್ಟಿ ಕಟ್ಟಿದಂತೆ ನೀರುಗುಳ್ಳೆ ಎದ್ದಿದ್ದವು. ಅತ್ತೆ ಬೇವಿನ ಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡಿಕೊಂಡು, ಕೆಮ್ಮಣ್ಣಿನಲ್ಲಿ ಅದ್ದಿ, ಆ ಗುಳ್ಳೆಗಳ ಮೇಲೆ ಒಂದು ಹಾವು ಬರೆಯುತ್ತಿದ್ದರು. ತಲೆ ಒಂದು ಕಡೆ, ಬಾಲ ಒಂದು ಕಡೆ. ತಲೆಯನ್ನು ಬಾಲದ ಕಡೆಗೆ ತಿರುಗಿಸಿ ಬರೆಯುವ ಹಾಗಿಲ್ಲ. ಎರಡೂ ಕೂಡಿದರೆ ಆಸಾಮಿ ಉಳಿಯುವುದಿಲ್ಲ ಅನ್ನುವ ನಂಬಿಕೆ. ಸರ್ಪಸುತ್ತು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾಗಮಂಗಲದಿಂದ, ಪಾಂಡವಪುರದಿಂದ, ಶ್ರೀರಂಗಪಟ್ಟಣದ ಆಚೆಯಿಂದಲೂ ಜನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು.

ಆದರೆ ಅತ್ತೆ ಮಾತ್ರ ಆ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ. 'ಬಳ್ಳಿ' ಅನ್ನುತ್ತಿದ್ದರು. ಪಕ್ಕೆಗೆ ಬಳ್ಳಿ ಹಬ್ಬಿದೆ, ಬೆನ್ನಿಗೆ ಬಳ್ಳಿ ಹಬ್ಬಿದೆ, ಅಷ್ಟೇ. ಗುಳ್ಳೆ ಒಣಗಿ ಹಕ್ಕಳೆ ಉದುರಿದ ಮೇಲೆ ಹರಿಯುವ ನೀರಿನಲ್ಲಿ ಕೆಮ್ಮಣ್ಣು ತೊಳೆದುಕೊಳ್ಳಬೇಕು. ತೊಳೆದುಕೊಂಡ ಮೇಲೆ ಅದರ ಮಾತು ಮುಗಿಯಿತು. ನೆಂಟರಿಗೆ ಹೇಳಬಾರದು, ಡಾಕ್ಟರಿಗೆ ಹೇಳಬಾರದು, ನನಗೆ ಹೀಗಾಗಿತ್ತು ಅಂತ ನೆನೆಯಲೂ ಬಾರದು. ಹೇಳಿದರೆ ಹೋದದ್ದನ್ನು ಮತ್ತೆ ಕರೆದ ಹಾಗಂತೆ.

ನಾನು ನಾಗಮಂಗಲದವಳು, ಪಿಯುಸಿ ಓದಿದವಳು. ನಮ್ಮದು ರಾಗಿ, ತೆಂಗು, ತಾಲ್ಲೂಕು ಆಫೀಸಿನ ಊರು. ನನಗೆ ಈ ಹಾವಿನ ಚಿತ್ರವೆಲ್ಲ ಸುಮ್ಮನೆ ಹುಚ್ಚಾಟವಾಗಿ ಕಂಡಿತು. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ.

"ಇದು ತಾನಾಗೇ ಎರಡು ವಾರಕ್ಕೆ ಒಣಗುತ್ತೆ ಅತ್ತೆ, ನೀವು ಬರೆದ್ರೂ ಒಣಗುತ್ತೆ, ಬರೀದಿದ್ರೂ ಒಣಗುತ್ತೆ" ಅಂದೆ ಒಂದು ದಿನ.

"ಓ, ನಿಮ್ಮ ನಾಗಮಂಗಲದ ಕಾಲೇಜ್ನಲ್ಲಿ ಇದ್ನೂ ಏಳ್ಕೊಟ್ರಾ? ಸಾರಿಗೆ ಉಪ್ಪಾಕೋದೊಂದ ಏಳ್ಕೊಡ್ನಿಲ್ಲ ನೋಡು" ಅಂದರು ಅತ್ತೆ.

ಹೀಗಿತ್ತು ನಮ್ಮಿಬ್ಬರ ಸಂಸಾರ. ಕಾಯಿ ಜಾಸ್ತಿ ಹಾಕಿದೆ ಅಂತ ಒಂದು ದಿನ ಜಗಳ, ಒಗ್ಗರಣೆ ಸೀಯಿಸಿದೆ ಅಂತ ಒಂದು ದಿನ ಜಗಳ. ನನ್ನ ಗಂಡ ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ದನಿ ಏರಿದರೆ ಸಾಕು, ಕ್ಯಾನು ತೊಳೆಯಬೇಕು ಅಂತ ಹೊರಟುಬಿಡುತ್ತಿದ್ದರು. ಆ ಡೈರಿಯ ಕ್ಯಾನುಗಳನ್ನು ತೊಳೆದಷ್ಟು ಬೇರೆ ಯಾವ ಊರಿನ ಕ್ಯಾನನ್ನೂ ಯಾರೂ ತೊಳೆದಿರಲಾರರು.

ಈಗ ನೆನೆದರೆ ಆ ಜಗಳಗಳೂ ರುಚಿಯಾಗಿದ್ದವು ಅನ್ನಿಸುತ್ತದೆ. ನಮಗೊಂದು ಆಲೆಮನೆಯಿತ್ತು. ಕಬ್ಬಿನ ಕಾಲ ಬಂತೆಂದರೆ ಮನೆಯ ಗೋಡೆ, ಹಾಸಿಗೆ, ನನ್ನ ಜಡೆ ಎಲ್ಲಕ್ಕೂ ಬೆಲ್ಲದ ವಾಸನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಹದ ನೋಡುವುದಕ್ಕೆ ಗಂಡಸರು ಒಂದೊಂದು ಸಲ ಮನೆ ಬಾಗಿಲಿಗೆ ಬಂದು ಅತ್ತೆಯನ್ನೇ ಕರೆಯುತ್ತಿದ್ದರು. ಅತ್ತೆ ಕೊಪ್ಪರಿಗೆಯ ಅಂಚಿಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೊರೆಯ ಬಣ್ಣವನ್ನೊಮ್ಮೆ ನೋಡುತ್ತಿದ್ದರು. "ಇನ್ನೊಂದ್ ಗಳಿಗೆ" ಅನ್ನುತ್ತಿದ್ದರು. ಆಮೇಲೆ "ಊಂ, ಇಳ್ಸಿ" ಅನ್ನುತ್ತಿದ್ದರು. ಅವರು ಇಳಿಸು ಅಂದ ಬೆಲ್ಲ ಹೊಂಬಣ್ಣಕ್ಕೆ ಬರುತ್ತಿತ್ತು. ಕೈಯಿಂದ ಮುಟ್ಟುತ್ತಿರಲಿಲ್ಲ, ನೀರಿಗೆ ಬಿಟ್ಟು ನೋಡುತ್ತಿರಲಿಲ್ಲ, ಬರೀ ಕಣ್ಣು. ಆ ಕಣ್ಣಿನ ಬಗ್ಗೆ ಅತ್ತೆಗೆ ಸೊಕ್ಕೂ ಇತ್ತು. ಇರಲಿ ಬಿಡಿ, ಇದ್ದರೇನು ತಪ್ಪು?

ಮದುವೆಯಾಗಿ ಐದಾರು ವರ್ಷವಾಗಿರಬೇಕು. ಆಲೆಮನೆ ಇನ್ನೂ ನಡೆಯುತ್ತಿತ್ತು. ಅತ್ತೆಗೆ ಮೂರು ದಿನ ಬಲಗಡೆ ತಲೆ ಸಿಡಿತ, ಮೈ ಬಿಸಿ. ಪಾಕದ ಹಬೆಗೆ ನಿಂತು ನಿಂತು ಹೀಗಾಗಿದೆ ಅಂದುಕೊಂಡೆವು. ನಾಲ್ಕನೆಯ ಬೆಳಿಗ್ಗೆ ಅವರು ಕನ್ನಡಿಯ ಮುಂದೆ ಕೂತವರು ಏಳಲೇ ಇಲ್ಲ. ನಾನು ಕಾಫಿ ತೆಗೆದುಕೊಂಡು ಹೋದೆ. ಬಲ ಹುಬ್ಬಿನ ಮೇಲೆ, ಹಣೆಯ ಮೇಲೆ, ಕೂದಲಿನ ಒಳಗೆಲ್ಲ ಗುಳ್ಳೆ ಎದ್ದಿದ್ದವು.

"ಬಳ್ಳಿ ನಮ್ಮನೇಗೇ ಬಂದ್ಬುಡ್ತು ಕಣಮ್ಮಿ" ಅಂದರು. ದನಿ ಸಣ್ಣದಾಗಿತ್ತು.

ಆಸ್ಪತ್ರೆಗೆ ಹೋಗೋಣ ಅಂದೆ. ಗಂಡನಿಗೂ ಹೇಳಿದೆ. ಅವರು ಅವ್ವನ ಮುಖ ನೋಡಿ, "ಅವ್ವ ಬ್ಯಾಡ ಅಂದ್ಮೇಲೆ ಬ್ಯಾಡ ಬುಡು" ಅಂದು ಡೈರಿಗೆ ಹೋದರು. ಬರೆಯುವವರು ತಮ್ಮ ಮೇಲೆ ತಾವೇ ಬರೆದುಕೊಳ್ಳಬಾರದು ಅನ್ನುವ ಕಟ್ಟಳೆ ಬೇರೆ ಇತ್ತು. ಬರೆಯುವುದು ಹೆಂಗಸರೇ ಆಗಬೇಕು, ಮನೆಯಲ್ಲಿ ಇನ್ನೊಂದು ಹೆಣ್ಣುಜೀವ ಅಂದರೆ ನಾನೊಬ್ಬಳೇ. ಅತ್ತೆ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

"ಗುಳ್ಳೆ ಎಲ್ಲೆಲ್ಲವೆ ಅಲ್ಲೆಲ್ಲ ಬರಿ. ಇಲ್ದಿದ್ದ ಕಡೆ ಒಂದೆಳೆನೂ ಬರೀಬ್ಯಾಡ. ಅದು ಎಲ್ಲಿ ನಿಂತದೆ, ಅಲ್ಲೇ ನೀನೂ ನಿಲ್ಸು."

ನಾನು ಬಗ್ಗಿ ನೋಡಿದೆ. ಬಲಗಡೆ ಕೂದಲಿನ ಒಳಗಿನಿಂದ ಇಳಿದ ಗುಳ್ಳೆಗಳು ನಡುಹಣೆಗೆ ಬಂದು, ಗೆರೆ ಎಳೆದು ತಡೆದ ಹಾಗೆ ನಿಂತುಬಿಟ್ಟಿದ್ದವು. ಎಡಗಡೆಗೆ ಒಂದೂ ದಾಟಿರಲಿಲ್ಲ. ಕೆಳಗೆ ಹುಬ್ಬು, ರೆಪ್ಪೆ, ಮೂಗಿನ ಪಕ್ಕ, ಮೂಗಿನ ತುದಿಯಲ್ಲಿ ಎರಡು. ಕೆನ್ನೆಯ ಮೇಲೆ ಒಂದೂ ಇಲ್ಲ. ನಾನು ನಡುಹಣೆಯಲ್ಲಿ ತಲೆ ಇಟ್ಟು, ಮೂಗಿನ ತುದಿಗೆ ಬಾಲ ತಂದೆ. ಗೆರೆ ಸೊಟ್ಟಸೊಟ್ಟಗೆ ಬಂತು. ಅತ್ತೆ ಕನ್ನಡಿ ನೋಡಿಕೊಂಡು, ಅಷ್ಟು ಉರಿಯಲ್ಲೂ, "ಇದೇನಮ್ಮಿ, ಆವಾ ಎರೆಹುಳಾನಾ?" ಅಂದರು. ಇಬ್ಬರೂ ನಕ್ಕೆವು. ನಕ್ಕರೆ ಅವರಿಗೆ ಹಣೆ ಎಳೆದು ನೋವು, ನೋವಾದರೆ ನನಗೆ ಬೈಗುಳ. ಮತ್ತೆ ಎರಡು ಬೆಳಿಗ್ಗೆ ಅದೇ ಗೆರೆಯ ಮೇಲೆ ಬರೆದೆ. ಕೊನೆಯ ಹಾವು ಪರವಾಗಿಲ್ಲ ಅನ್ನುವಂತಿತ್ತು.

ಒಂದೆರಡು ವಾರದಲ್ಲಿ ಗುಳ್ಳೆ ಒಣಗಿ ಹಕ್ಕಳೆ ಉದುರಿದವು. ಅತ್ತೆಯ ತವರಿನ ಕಡೆಯ ಪದ್ಧತಿಯಂತೆ ಬರೆಯುವವರಿಗೇ ಬಳ್ಳಿ ಹಬ್ಬಿದರೆ ಕಾವೇರಿಯಲ್ಲೇ ತೊಳೆದುಕೊಳ್ಳಬೇಕು. ನಾಲೆಯ ನೀರು ಸಾಲದು. ಇಬ್ಬರೂ ಕೆ.ಆರ್. ಪೇಟೆಗೆ ಬಂದು ಬಸ್ಸು ಹತ್ತಿದೆವು. ಅತ್ತೆ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕಿಟಕಿಯ ಕಡೆ ಕೂತರು. ಪಾಂಡವಪುರದಲ್ಲಿ ಬಸ್ಸು ನಿಂತಾಗ ಕಡಲೆಕಾಯಿ ಕೊಂಡೆವು. ಶ್ರೀರಂಗಪಟ್ಟಣದ ಕೋಟೆಯ ಗೋಡೆ ಕಂಡಾಗ ಅತ್ತೆ ಮದುವೆಯಾದ ಹೊಸದರಲ್ಲಿ, ಈಗ ತೀರಿಹೋಗಿರುವ ಮಾವನ ಜೊತೆ ಇಲ್ಲಿಗೆ ಬಂದು ಒಂದು ಜೊತೆ ಗಾಜಿನ ಬಳೆ ಒಡೆದುಕೊಂಡದ್ದನ್ನು ಹೇಳಿದರು. ಮಾವನ ಬಗ್ಗೆ ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಆ ದಿನವೇ.

ನೀರಿಗಿಳಿದು ಹಣೆ ತೊಳೆದುಕೊಂಡರು. ಕೆಂಪು ನೀರು ಸ್ವಲ್ಪ ದೂರ ಹೋಗಿ ಕಾಣದಾಯಿತು. ಬೊಗಸೆಯಲ್ಲಿ ನೀರು ಹಿಡಿದು ನನ್ನ ಕೈಗೆ ಬಿಟ್ಟು, "ಇನ್ನ ಇದ್ರ ಮಾತು ಎತ್ತಾಕಿಲ್ಲ ಅನ್ನು" ಅಂದರು. ಅಂದೆ. ಪಿಯುಸಿ ಓದಿದ ನಾನು, ಕಾವೇರಿಯಲ್ಲಿ ಮೊಣಕಾಲುದ್ದ ನಿಂತು, ಎತ್ತುವುದಿಲ್ಲ ಅಂದೆ. ಅವರ ಹಣೆಯ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಕಲೆ ಉಳಿದಿದ್ದವು, ಅಷ್ಟೇ. ದೊಡ್ಡ ಗಂಡಾಂತರ ಕಳೆಯಿತು ಅಂತ ಇಬ್ಬರೂ ಖುಷಿಯಾಗಿ ಬಸ್ಸು ಹತ್ತಿದೆವು.

ವಾಪಸು ಬರುವಾಗ ಪಾಂಡವಪುರ ದಾಟಿದ ಮೇಲೆ ಅತ್ತೆ ನನ್ನ ತೋಳು ತಿವಿದರು.

"ಈ ಬಸ್ಸಿಗೆ ಯಾಕಮ್ಮಿ ಇಬ್ರು ಕಂಡಕ್ಟ್ರು?"

ನಾನು ನೋಡಿದೆ. ಒಬ್ಬನೇ ಇದ್ದ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಮಾಡುತ್ತಿರಲಿಲ್ಲ.

ಆಮೇಲಿನ ಎಂಟು ದಿನದಲ್ಲಿ ಅವರ ಬಲಗಣ್ಣು ಬದಲಾಗುತ್ತಾ ಹೋಯಿತು. ಮೊದಲು ರೆಪ್ಪೆ ಊದಿತು. ಆಮೇಲೆ ಗುಡ್ಡೆಯೇ ಒಳಗಿನಿಂದ ಯಾರೋ ನೂಕಿದ ಹಾಗೆ ಮುಂದಕ್ಕೆ ಬಂತು. ಆ ಕಡೆ ಈ ಕಡೆ ಹೊರಳಿಸಲು ಆಗುತ್ತಿರಲಿಲ್ಲ, ಹೊರಳಿಸಿದರೆ ಜೀವ ಹೋಗುವಷ್ಟು ನೋವು. ಎಲ್ಲವೂ ಎರಡೆರಡು ಕಾಣುತ್ತಿತ್ತು. ನಮ್ಮ ಹೊಸ ಟಿವಿಯನ್ನು ಅವರು ಒಂದು ಕಣ್ಣಿಗೆ ಕೈ ಮುಚ್ಚಿಕೊಂಡು ನೋಡುತ್ತಿದ್ದರು. ಪಕ್ಕದ ಮನೆಯವಳು ಕೇಳಿದ್ದಕ್ಕೆ, "ಒಬ್ಳು ಸೊಸೇನೇ ತಡ್ಕೊಳಾಕಾಗ್ನಿಲ್ಲ, ಈಗ ಎದ್ರುಗೆ ಇಬ್ಬಿಬ್ರು ನಿಂತ್ಕೊತಾವ್ರೆ, ಏನ್ಮಾಡಾನೆ?" ಅಂದರು. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಇಷ್ಟಾದ ಮೇಲೆ ಗಂಡನೂ ಹೆದರಿದರು. ಪೇಟೆಯ ಡಾಕ್ಟರು ನೋಡಿ, ಇದು ನನ್ನ ಕೈಯಲ್ಲಿ ಆಗುವುದಲ್ಲ, ಮೈಸೂರಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ಮೈಸೂರಿನ ಕಣ್ಣಿನ ಡಾಕ್ಟರು ಒಬ್ಬ ಹೆಂಗಸು. ದಪ್ಪ ಕನ್ನಡಕ, ಮೆಲ್ಲನೆಯ ಮಾತು. ಅತ್ತೆಯ ಗಲ್ಲ ಹಿಡಿದೆತ್ತಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಅವರ ಬೆರಳು ಹಣೆಯ ಕಲೆಗಳ ಮೇಲೆ ಬಂದು ನಿಂತಿತು.

"ಇದೇನಮ್ಮ ಕಲೆ? ಗುಳ್ಳೆಗಿಳ್ಳೆ ಎದ್ದಿತ್ತಾ?"

ಅತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. "ಇಲ್ಲ ಕಣವ್ವ. ಆಲೆಮನೇಲಿ ಪಾಕ ಸಿಡೀತು" ಅಂದರು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ. ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಆ ತಲೆಯಾಟಕ್ಕೆ. ಮಂಡ್ಯದ ಕಡೆಯ ಹೆಂಗಸಿನ ಹಣೆಗೆ ಬೆಲ್ಲದ ಪಾಕ ಸಿಡಿಯಿತು ಅಂದರೆ ಯಾರು ತಾನೇ ನಂಬುವುದಿಲ್ಲ? ಡಾಕ್ಟರೂ ನಂಬಿದರು. ಸುಳ್ಳು ಅಷ್ಟು ಚೆನ್ನಾಗಿ ಹೊಂದಿಕೊಂಡಿತ್ತು.

ಸ್ಕ್ಯಾನ್ ಆಯಿತು. ಕಣ್ಣಿನ ಗೂಡಿನಲ್ಲಿ, ಗುಡ್ಡೆಯ ಹಿಂದೆ, ಏನೋ ಊದಿಕೊಂಡು ತುಂಬಿದೆ ಅಂದರು. ಗಡ್ಡೆ ಇರಬಹುದು. ತೆರೆದು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಕೆಟ್ಟ ಗಡ್ಡೆಯಾಗಿದ್ದರೆ ಕಣ್ಣನ್ನೇ ತೆಗೆಯಬೇಕಾಗಬಹುದು. ಮುಂದಿನ ಗುರುವಾರ ಬನ್ನಿ ಅಂದರು. ನನ್ನ ಗಂಡ ಗೋಡೆ ಹಿಡಿದುಕೊಂಡು ನಿಂತರು. ಅತ್ತೆ ಮಾತ್ರ, "ಗುರ್ವಾರ ಬಸ್ಸು ರಶ್ಶಿರಾಕಿಲ್ಲ" ಅಂದರು.

ಆ ವಾರ ಹೇಗೆ ಕಳೆಯಿತೋ ನನಗೇ ಗೊತ್ತು. ಭಾನುವಾರ ಆಲೆಮನೆಯವರು ಹದ ಕೇಳಲು ಬಂದರು. ಅತ್ತೆ ಹಟ ಹಿಡಿದು ಹೋದರು. ಬಲಗಣ್ಣಿಗೆ ಸೆರಗು ಒತ್ತಿಕೊಂಡು ಕೊಪ್ಪರಿಗೆಯ ಮುಂದೆ ನಿಂತರು. "ಇನ್ನೊಂದ್ ಗಳಿಗೆ" ಅಂದರು. ಮತ್ತೆ "ಇನ್ನೊಂದ್ ಗಳಿಗೆ" ಅಂದರು. ಪಾಕ ಸೀದ ವಾಸನೆ ನನ್ನ ಮೂಗಿಗೇ ಬಂತು, ಆದರೂ ಅಲ್ಲಿದ್ದ ಗಂಡಸರು ಅವರ ಮಾತಿಗೆ ಕಾಯುತ್ತಾ ನಿಂತೇ ಇದ್ದರು. ಇಳಿಸಿದ ಬೆಲ್ಲ ಕರ್ರಗಾಯಿತು. ಗಂಡಸರು ಅದನ್ನೇ ಅಚ್ಚಿಗೆ ಸುರಿದುಕೊಂಡರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಜಗಲಿಯ ಮೇಲೆ ಕೂತರು. ನಾನು ಮೊರದಲ್ಲಿ ರಾಗಿ ಕೇರುತ್ತಿದ್ದೆ.

"ಒಂದ್ಕಣ್ಣಲ್ಲಿ ಬಳ್ಳಿ ಬರೆಯಾಕಾಯ್ತದಾ ಅಮ್ಮಿ?" ಅಂದರು.

ನಾನು ರಾಗಿ ಕೇರುತ್ತಲೇ ಹೋದೆ. ಕಲೆಯನ್ನು ಕೇಳಿದ್ದರಲ್ಲ ಡಾಕ್ಟರು, ಸುಮ್ಮನೆ ಕೇಳಿರುತ್ತಾರಾ ಅನ್ನುವ ಯೋಚನೆ ಮೈಸೂರಿನಿಂದಲೇ ನನ್ನ ಬೆನ್ನು ಹತ್ತಿತ್ತು. ಹೇಳಿಬಿಡೋಣವಾ? ಹೇಳಿ, ಅದು ಮತ್ತೆ ಬಂದರೆ? ಇದೆಲ್ಲ ಹುಚ್ಚಾಟ ಅಂತ ಆಡಿಕೊಂಡವಳು ನಾನೇ. ಅದೇ ನಾನು ಈಗ ಹೆದರಿ ಕೂತಿದ್ದೆ. ಅತ್ತೆಯ ನಂಬಿಕೆ ಯಾವಾಗ ನನ್ನ ಮೈಗೂ ಹತ್ತಿತೋ ತಿಳಿಯದು.

ಗುರುವಾರ ಬಂತು. ಆಸ್ಪತ್ರೆಯ ಕೋಣೆಯಲ್ಲಿ ಅತ್ತೆಯನ್ನು ಮಂಚದ ಮೇಲೆ ಕೂರಿಸಿದ್ದರು. ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು. ನರ್ಸು ಒಪ್ಪಿಗೆಯ ಕಾಗದವನ್ನೂ ಇಂಕಿನ ಪ್ಯಾಡನ್ನೂ ತಂದಳು. ಡಾಕ್ಟರು ಪಕ್ಕದಲ್ಲೇ ನಿಂತು ಇನ್ನೊಂದು ಕಾಗದ ಓದುತ್ತಿದ್ದರು. ಅತ್ತೆ ಹೆಬ್ಬೆಟ್ಟು ಮುಂದೆ ಚಾಚಿದರು. ಕಾಗದ ಎಲ್ಲಿದೆ ಅಂತ ಸರಿಯಾಗಿ ಕಾಣಲಿಲ್ಲ. ಹೆಬ್ಬೆಟ್ಟು ಕಾಗದದ ಆಚೆ, ಖಾಲಿ ಜಾಗಕ್ಕೆ ಹೋಯಿತು. ಕೊಪ್ಪರಿಗೆಯ ಹದವನ್ನು ಬರೀ ಕಣ್ಣಿನಿಂದ ಹೇಳುತ್ತಿದ್ದ ಹೆಂಗಸು.

ನನಗೆ ತಡೆಯಲಾಗಲಿಲ್ಲ. "ಪಾಕವೂ ಇಲ್ಲ ಗೀಕವೂ ಇಲ್ಲ ಡಾಕ್ಟ್ರೇ! ಅವರ ಹಣೆಗೆ ಸರ್ಪಸುತ್ತು ಆಗಿತ್ತು. ನಾನೇ ಕೈಯಾರ ಕೆಮ್ಮಣ್ಣು ಬರೆದಿದ್ದೀನಿ. ಇಬ್ಬರೂ ಸೇರಿ ನಿಮಗೆ ಸುಳ್ಳು ಹೇಳಿದೆವು!" ಅಂತ ಕೂಗಿಯೇಬಿಟ್ಟೆ. ಮೆಲ್ಲಗೆ ಹೇಳಬಹುದಿತ್ತು. ನನಗೆ ಬರುವುದಿಲ್ಲ.

"ಅಯ್ಯೋ ಪಾಪಿ" ಅಂದರು ಅತ್ತೆ.

ಡಾಕ್ಟರು ಕಾಗದ ಕೆಳಗಿಟ್ಟರು. "ಯಾವಾಗ? ಎಲ್ಲೆಲ್ಲಿ? ಸರಿಯಾಗಿ ಹೇಳಿ" ಅಂದರು. ಹೇಳಲು ನನಗೆ ಮಾತು ಸಾಲಲಿಲ್ಲ. ಅವರ ಕೋಟಿನ ಜೇಬಿನಲ್ಲಿ ಕೆಂಪು ಪೆನ್ನಿತ್ತು. ಕೇಳಿದೆ, ಕೊಟ್ಟರು. ಅತ್ತೆ ಮುಖ ತಿರುಗಿಸಿಕೊಂಡರು. ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, ಮೂರು ಬೆಳಿಗ್ಗೆ ಬರೆದ ಅದೇ ಹಾವನ್ನು ನಾಲ್ಕನೆಯ ಸಲ ಬರೆದೆ. ಕೂದಲಿನ ಒಳಗಿನಿಂದ ಇಳಿದು, ನಡುಹಣೆಗೆ ನಿಂತು, ಹುಬ್ಬು, ರೆಪ್ಪೆ ಹಾದು, ಮೂಗಿನ ತುದಿಗೆ. ಗುಳ್ಳೆ ಇಲ್ಲದ ಕಡೆ ಒಂದೆಳೆಯನ್ನೂ ಎಳೆಯಲಿಲ್ಲ. ಅತ್ತೆಯ ಕಣ್ಣಿನಿಂದ ನೀರು ಇಳಿದು ಬಾಲ ಸ್ವಲ್ಪ ಕದಡಿತು.

ಡಾಕ್ಟರು ಬಹಳ ಹೊತ್ತು ನೋಡಿದರು. "ನಡುಹಣೆ ದಾಟಲಿಲ್ಲ ಅಲ್ಲವಾ? ಮೂಗಿನ ತುದಿಗೂ ಬಂದಿತ್ತಾ?" ಅಂತ ಎರಡೆರಡು ಸಲ ಕೇಳಿದರು. ಆಮೇಲೆ ನರ್ಸಿಗೆ, "ಇವತ್ತು ಆಪರೇಷನ್ ಬೇಡ" ಅಂದರು. ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿರುತ್ತದಲ್ಲ, ಆ ವೈರಸ್ಸು ಮೈ ಬಿಟ್ಟು ಹೋಗುವುದಿಲ್ಲ, ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದ ಮೇಲೆ ಒಂದು ದಿನ ಎದ್ದು, ಆ ನರ ಹೋದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ನೀವು ಬರೆದದ್ದು ಹಾವು, ನನಗೆ ಕಂಡದ್ದು ಆ ನರದ ದಾರಿ. ಅದೇ ನರ ಕಣ್ಣಿಗೂ ಹೋಗುತ್ತದೆ. ಮೇಲಿನ ಗಾಯ ಒಣಗಿದ ಮೇಲೂ ಕಣ್ಣಿನ ಗೂಡಿನಲ್ಲಿ ಹೀಗೆ ಊತ ಬರುವುದು ಅಪರೂಪಕ್ಕೆ ಉಂಟು."

"ಹಾಗಾದರೆ ಗಡ್ಡೆ ಅಲ್ಲವಾ?" ಅಂದೆ.

"ನೂರಕ್ಕೆ ನೂರು ಹಾಗೇ ಅಂತ ಹೇಳಲಾರೆ. ಈ ಊತ ಎಷ್ಟೋ ಜನಕ್ಕೆ ಯಾಕೆ ಬಂತು ಅಂತಲೇ ಗೊತ್ತಾಗುವುದಿಲ್ಲ. ಇವರಿಗೆ ಸರ್ಪಸುತ್ತಿನಿಂದಲೇ ಬಂದಿರಬಹುದು. ಮಾತ್ರೆ ಕೊಟ್ಟು ಒಂದು ವಾರ ನೋಡೋಣ. ಇಳಿದರೆ ಸರಿ. ಇಳಿಯದಿದ್ದರೆ ಚೂರು ತೆಗೆಯಲೇಬೇಕು."

ಬಂದಿರಬಹುದು ಅಂದರು. ಆ ಒಂದು 'ಬಹುದು' ಹಿಡಿದುಕೊಂಡು ನಾನು ಮನೆಗೆ ಬಂದೆ. ಬರುವ ಮೊದಲು ಡಾಕ್ಟರು ನನ್ನನ್ನು ಬೈದರೂ ಬೈದರು. "ಕಲೆ ಯಾವುದು ಅಂತ ಕೇಳಿದಾಗ ತಲೆಯಾಡಿಸಿದಿರಲ್ಲ, ಓದಿದವರು ನೀವು" ಅಂದರು. ಬೈಸಿಕೊಂಡೆ. ಅಷ್ಟಾದರೂ ಆಗಬೇಕಿತ್ತು ನನಗೆ.

ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು, ಊಟ ಕೊಟ್ಟರೆ ಉಣ್ಣುತ್ತಿದ್ದರು, ಬಾಯಿ ಮಾತ್ರ ಇಲ್ಲ. ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಕಾವೇರಿಯಲ್ಲಿ ಕೊಟ್ಟ ಮಾತನ್ನು ನಾನು ಮುರಿದೆ, ಅದೂ ನಾಲ್ಕು ಜನರ ಮುಂದೆ, ಅದೂ ಅವರ ಹಣೆಯ ಮೇಲೇ ಬರೆದು. ಬಳ್ಳಿ ಈಗ ಬರುತ್ತದೆ, ಆಗ ಬರುತ್ತದೆ ಅಂತ ಅವರು ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದರು. ನಾನೂ ಕದ್ದು ಅವರ ಹಣೆ ನೋಡುತ್ತಿದ್ದೆ. ಯಾವಾಗಲೂ ಬೈಯುತ್ತಿದ್ದವರು ಸುಮ್ಮನಾದರೆ ಮನೆ ಎಷ್ಟು ದೊಡ್ಡದಾಗುತ್ತದೆ ಅಂತ ನನಗೆ ಆ ವಾರ ಗೊತ್ತಾಯಿತು. ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಉಂಡು, ಕೈ ತೊಳೆದು ಎದ್ದುಹೋದರು.

ಐದನೆಯ ದಿನವೋ ಆರನೆಯ ದಿನವೋ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆದು, ಚೊಂಬು ಹಿಡಿದುಕೊಂಡು ಒಳಗೆ ಬಂದೆ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದವರು ನನ್ನನ್ನೇ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಎರಡನ್ನೂ ತೆರೆದು ನೋಡಿದರು. ನಾನು ಹೊಸಿಲಲ್ಲೇ ನಿಂತುಬಿಟ್ಟೆ.

"ಒಬ್ಳೇ ಕಾಣ್ತಿದ್ದೀಯ ಕಣೆ" ಅಂದರು.

ಚೊಂಬು ಕೈಯಿಂದ ಜಾರಿ ಹಾಲೆಲ್ಲ ನೆಲದ ಪಾಲಾಯಿತು. "ಓ, ಚೆಲ್ಲು, ಚೆಲ್ಲು! ನಿಮ್ಮಪ್ಪ ನಾಗಮಂಗಲದಿಂದ ಎಮ್ಮೆ ಓಡಸ್ಕಂಡ್ ಬತ್ತಾನೆ!" ಅಂತ ಶುರುಮಾಡಿದರು. ಅಬ್ಬಬ್ಬಾ, ಎಂಥ ಇಂಪಾದ ಬೈಗುಳ ಅದು! ನಾನು ಚೆಲ್ಲಿದ ಹಾಲಿನಲ್ಲೇ ಕೂತು ಅವರ ಕಾಲು ಹಿಡಿದುಕೊಂಡು ಅಳುವುದು, ನಗುವುದು ಎರಡೂ ಮಾಡಿದೆ. ಅವರ ಕೈ ನನ್ನ ತಲೆಯ ಮೇಲೆ ಬಂತು.

ವಾರ ಕಳೆದ ಮೇಲೆ ಡಾಕ್ಟರು ನೋಡಿ ಊತ ಇಳಿಯುತ್ತಿದೆ ಅಂದರು. ಮಾತ್ರೆಯನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತಾ ಎರಡು ಮೂರು ತಿಂಗಳು ನಡೆಸಿದರು. ಚಾಕು ಮುಟ್ಟಿಸಲಿಲ್ಲ. ಗುಡ್ಡೆ ತನ್ನ ಜಾಗಕ್ಕೆ ಹೋಯಿತು. ಮುಂದಿನ ಕಬ್ಬಿನ ಕಾಲಕ್ಕೆ ಅತ್ತೆ ಮತ್ತೆ ಕೊಪ್ಪರಿಗೆಯ ಮುಂದೆ ನಿಂತರು. ಬೆಲ್ಲ ಹೊಂಬಣ್ಣಕ್ಕೆ ಬಂತು.

ಆದರೆ ಬಟ್ಟಲನ್ನು ಮಾತ್ರ ಅವರು ಮುಟ್ಟಲಿಲ್ಲ. ಮಾತು ಮುರಿದ ಮನೆಯಲ್ಲಿ ಬರೆದರೆ ಫಲವಿಲ್ಲ ಅಂತ ಅವರ ಲೆಕ್ಕ. ಬಂದವರನ್ನು ಹಾಗೇ ಕಳಿಸುತ್ತಿದ್ದರು. ಆ ಜನ ಬಸ್ಸಿನ ಕಡೆ ವಾಪಸು ನಡೆಯುವುದನ್ನು ನೋಡುತ್ತಾ ಜಗಲಿಯಲ್ಲಿ ಕೂರುತ್ತಿದ್ದರು. ಅದನ್ನು ನೋಡಿದಾಗೆಲ್ಲ ಕಣ್ಣು ಉಳಿಸಿದೆ, ಕೈ ಕಿತ್ತುಕೊಂಡೆ ಅನ್ನಿಸುತ್ತಿತ್ತು. ಹುಚ್ಚಾಟ ಅಂದವಳೇ ನಾನು, ಆ ಹುಚ್ಚಾಟ ನಿಂತಾಗ ಅತ್ತವಳೂ ನಾನೇ.

ವರ್ಷವಾದ ಮೇಲೆ ಒಂದು ಬೆಳಿಗ್ಗೆ ಪಾಂಡವಪುರದ ಟೈಲರ್ ಸಾಬರು ಬಂದರು. ನನ್ನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವರು ಅವರೇ, ವಯಸ್ಸಾದವರು. ಹಣೆಗೆ ಟವೆಲ್ ಸುತ್ತಿಕೊಂಡಿದ್ದರು. ಬಿಚ್ಚಿದರೆ ಎಡ ಹುಬ್ಬಿನ ಮೇಲೆ ಗುಳ್ಳೆ. ಮೂಗಿನ ತುದಿಯಲ್ಲೂ ಒಂದು.

"ಯಾ ಅಲ್ಲಾ, ಉರಿ ತಡೆಯೋಕಾಗ್ತಿಲ್ಲ ಅಮ್ಮಾ. ನಮ್ ಕೆಲಸ ಎಲ್ಲಾ ಕಣ್ಣಲ್ಲೇ" ಅಂದರು.

ಅತ್ತೆ ಬಹಳ ಹೊತ್ತು ಆ ಮೂಗಿನ ತುದಿಯನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಮಾಡದಿಂದ ಬಟ್ಟಲು ತಂದರು. ಕೆಮ್ಮಣ್ಣು ತೇದರು. ಬೇವಿನ ಕಡ್ಡಿ ಜಗಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆಯ ಕೈ ಒಂದಿಷ್ಟೂ ಅಲುಗಲಿಲ್ಲ. ನಡುಹಣೆಗೆ ತಲೆ, ಮೂಗಿನ ತುದಿಗೆ ಬಾಲ, ಗುಳ್ಳೆ ಇದ್ದಲ್ಲಿ ಗೆರೆ, ಇಲ್ಲದ ಕಡೆ ಇಲ್ಲ. ನನ್ನದು ಎರೆಹುಳುವೇ ಸರಿ ಅಂತ ಒಪ್ಪಿಕೊಂಡೆ. ಮುಗಿಸಿ, ಕಡ್ಡಿ ಕೆಳಗಿಟ್ಟರು. ಸಾಬರು ಟವೆಲ್ ಸುತ್ತಿಕೊಳ್ಳಲು ಹೋದರು. ಅತ್ತೆ ಅವರ ಕೈ ತಡೆದರು.

"ಮುಚ್ಕೋಬ್ಯಾಡ ಕಣಪ್ಪ. ತೊಳ್ಕೊಳ್ಳೂ ಬ್ಯಾಡ. ಇಂಗೇ ಈಗ್ಲೇ ಬಸ್ಸತ್ತಿ ಮೈಸೂರ್ಗೆ ಓಗು. ಈ ನನ್ ಸೊಸೆ ಚೀಟಿ ಬರ್ಕೊಡ್ತಾಳೆ, ಆ ಡಾಕ್ಟ್ರಮ್ಮನ್ತಾವ್ಕೇ ಓಗು. ಇದೇನು ಅಂತ ಅವ್ರು ಕೇಳುದ್ರೆ ಬಿಸ್ನೀರು ಸಿಡೀತು, ಪಾಕ ಸಿಡೀತು ಅಂತ ಸುಳ್ ಏಳ್ಬ್ಯಾಡ. ಸರ್ಪಸುತ್ತು ಅಂತ ಬಾಯ್ಬುಟ್ಟು ಏಳು."

ಸಾಬರು ಹಣೆಯ ಹಾವಿನ ಸಮೇತ ಮೈಸೂರಿಗೆ ಹೋದರು. ಆಮೇಲೂ ಬಹಳ ವರ್ಷ ನನ್ನ ರವಿಕೆ ಹೊಲಿದುಕೊಟ್ಟರು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತೇನೆ ಅಂತ ಕೊಚ್ಚಿಕೊಳ್ಳುತ್ತಿದ್ದರು. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ನಾನು ಚೀಟಿ ಬರೆಯುವುದನ್ನೂ ಮರೆತು ಅತ್ತೆಯ ಮುಖ ನೋಡುತ್ತಾ ನಿಂತಿದ್ದೆ. ಸರ್ಪಸುತ್ತು ಅನ್ನುವ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅತ್ತೆ ಬಟ್ಟಲನ್ನು ನನ್ನ ಕೈಗಿಟ್ಟರು.

"ಯಾಕಮ್ಮಿ ಅಂಗ್ ನೋಡ್ತಾ ನಿಂತ್ಬುಟ್ಟೆ? ಚೀಟಿ ಬರ್ಕೊಟ್ಟು, ಈ ಬಟ್ಲು ತೊಳ್ದು ಮಡಗು. ನಾಳಿಕ್ಕೆ ಬೇಕಾಯ್ತದೆ."